ಗೊಬ್ಬರ ಬೆಳೆದೀತು, ಕೆಲಸ ಬೆಳೆದೀತೇ?

2025ರ ಮುಂಗಾರಿನಲ್ಲಿ ಘಟ್ಟದ ಮೇಲಿನ ಜಿಲ್ಲೆಗಳಲ್ಲಿ ಒಂದು ಮೂಟೆ ಯೂರಿಯಾಕ್ಕಾಗಿ ರೈತರು ಸೊಸೈಟಿಗಳ ಮುಂದೆ ಸಾಲುಗಟ್ಟಿ ನಿಂತರು. ದಿಲ್ಲಿಯವರು ಬೆಂಗಳೂರಿನವರನ್ನು ದೂರಿದರು, ಬೆಂಗಳೂರಿನವರು ದಿಲ್ಲಿಯವರನ್ನು ದೂರಿದರು. ರೈತರ ಸಾಲು ಮಾತ್ರ ಕರಗಲಿಲ್ಲ. ಇಂಥ ಗಲಾಟೆ ಎದ್ದಾಗೆಲ್ಲ ಮಂಗಳೂರಿನ ಕಡೆ ಒಂದು ಹಳೇ ಮಾತಿಗೆ ಜೀವ ಬರುತ್ತದೆ. ಪಣಂಬೂರಿನ ಗೊಬ್ಬರದ ಕಾರ್ಖಾನೆ ದೊಡ್ಡದಾಗಲಿ ಎಂಬುದೇ ಆ ಮಾತು. ಘಟ್ಟದ ಮೇಲಿನವರಿಗೆ ಗೊಬ್ಬರ, ಕೆಳಗಿನವರಿಗೆ ಕೆಲಸ. ಕೇಳಲಿಕ್ಕೆ ಬಹಳ ಚೆಂದ.

ಮೊದಲನೇ ಅರ್ಧ ನಿಜ. ಕರ್ನಾಟಕದಲ್ಲಿ ಯೂರಿಯಾ ತಯಾರಿಸುವ ಕಾರ್ಖಾನೆ ಇರುವುದು ಇದೊಂದೇ. ವರ್ಷಕ್ಕೆ ಸುಮಾರು 3.8 ಲಕ್ಷ ಟನ್ ಇದರ ಶಕ್ತಿ. ರಾಜ್ಯಕ್ಕೆ ಬೇಕಾದದ್ದು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಹಾಗಾಗಿ ಕಾರ್ಖಾನೆ ಬೆಳೆದರೆ ಗೊಬ್ಬರ ಬೆಳೆಯುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಎರಡನೇ ಅರ್ಧದಲ್ಲಿ. ಬೈಕಂಪಾಡಿಯ ಹೋಟೆಲಿನಲ್ಲಿ ಚಾ ಕುಡಿಯುವಾಗ, "ಎಷ್ಟು ಜನಕ್ಕೆ ಕೆಲಸ ಅಂತೆ ಅಣ್ಣಾ?" ಅಂತ ಒಬ್ಬ ಕೇಳಿದರೆ, "ಸಾವಿರ ಉಂಟಂತೆ ಮಾರಾಯ" ಅಂತ ಇನ್ನೊಬ್ಬ ಹೇಳುತ್ತಾನೆ. ಆ ಸಾವಿರ ಎಲ್ಲಿಂದ ಬಂತು, ಯಾರು ಎಣಿಸಿದರು, ಎಷ್ಟು ದಿನದ ಸಾವಿರ ಅದು? ಚಾ ತಣಿಯುವುದರೊಳಗೆ ಇದನ್ನೆಲ್ಲ ಯಾರು ವಿಚಾರಿಸುತ್ತಾರೆ!

ಈ ಕಾರ್ಖಾನೆಯ ಜಾತಕ ಸ್ವಲ್ಪ ನೋಡಬೇಕು. 1966ರಲ್ಲಿ ಮಲಬಾರ್ ಕೆಮಿಕಲ್ಸ್ ಎಂಬ ಹೆಸರಿನಲ್ಲಿ ಹುಟ್ಟಿ, 1971ರಲ್ಲಿ ಮಂಗಳೂರು ಕೆಮಿಕಲ್ಸ್ ಆಂಡ್ ಫರ್ಟಿಲೈಸರ್ಸ್ ಆಗಿ, 1976ರಲ್ಲಿ ಉತ್ಪಾದನೆ ಶುರು ಮಾಡಿತು. ಅದರ ಹಿಂದಿನ ವರ್ಷ, 1975ರ ಜನವರಿಯಲ್ಲಿ, ಇಂದಿರಾ ಗಾಂಧಿ ಬಂದು ನವಮಂಗಳೂರು ಬಂದರು ಉದ್ಘಾಟನೆ ಮಾಡಿದ್ದರು. ಬಂದರಿಗಾಗಿ ಪಣಂಬೂರು ಕಡೆಯ ಒಕ್ಕಲು ಎದ್ದಿತು. ಗದ್ದೆ, ತೋಟ, ಕಡಲ ಕರೆಯ ಮನೆ ಬಿಟ್ಟವರನ್ನು ಕಾಟಿಪಳ್ಳ, ಕೃಷ್ಣಾಪುರದ ಗುಡ್ಡಗಳಲ್ಲಿ ಸೈಟು ಕೊಟ್ಟು ಕೂರಿಸಿದರು. ಆಗ ಜನರಿಗೆ ಹೇಳಿದ ಸಮಾಧಾನದ ಮಾತು ಒಂದೇ: ಜಾಗ ಹೋದರೆ ಹೋಯಿತು, ಮಕ್ಕಳಿಗೆ ಕೆಲಸ ಉಂಟಲ್ಲ.

ಆ ಮಾತು ಪೂರ್ತಿ ಸುಳ್ಳಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಎಂಬತ್ತರ ದಶಕದಲ್ಲಿ ಎಂ.ಸಿ.ಎಫ್.ನಲ್ಲಿ ಕಾಯಂ ಕೆಲಸ ಅಂದರೆ ಹೆಣ್ಣು ಕೊಡುವವರು ಹುಡುಕಿಕೊಂಡು ಬರುತ್ತಿದ್ದ ಕಾಲ. ಪ್ರಾವಿಡೆಂಟ್ ಫಂಡು, ಬೋನಸ್ಸು, ಯೂನಿಯನ್ನು ಎಲ್ಲವೂ ಇದ್ದವು. ಒಬ್ಬನ ಸಂಬಳದಲ್ಲಿ ಮನೆ ಎದ್ದಿತು, ತಂಗಿಯರ ಮದುವೆಯಾಯಿತು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದರು. ಈಗ ಬೇಕು ಅನ್ನುತ್ತಿರುವುದು ಅದೇ ಕೆಲಸ. ಆದರೆ ಅದೇ ಕೆಲಸ ಈಗ ಸಿಗುತ್ತದೆಯೇ?

ಯೂರಿಯಾ ಕಾರ್ಖಾನೆ ಅಂದರೆ ಬೀಡಿ ಬ್ರಾಂಚೂ ಅಲ್ಲ, ಹೆಂಚಿನ ಕಾರ್ಖಾನೆಯೂ ಅಲ್ಲ. ಗೋಡಂಬಿ ಕಾರ್ಖಾನೆಯಲ್ಲಿ ಮಾಲು ಎರಡರಷ್ಟಾದರೆ ಸಿಪ್ಪೆ ತೆಗೆಯುವ ಕೈಗಳೂ ಹೆಚ್ಚು ಕಡಿಮೆ ಎರಡರಷ್ಟು ಬೇಕು. ಇಲ್ಲಿ ಹಾಗಲ್ಲ. ಅನಿಲದಿಂದ ಹೈಡ್ರೋಜನ್, ಗಾಳಿಯಿಂದ ನೈಟ್ರೋಜನ್, ಎರಡೂ ಸೇರಿ ಅಮೋನಿಯಾ, ಅದಕ್ಕೆ ಕಾರ್ಬನ್ ಡೈ ಆಕ್ಸೈಡ್ ಸೇರಿದರೆ ಯೂರಿಯಾ. ಎಲ್ಲ ಪೈಪಿನೊಳಗೆ, ಭಾರೀ ಒತ್ತಡದಲ್ಲಿ, ರಾತ್ರಿ ಹಗಲು ನಿಲ್ಲದೆ ನಡೆಯುವ ಕೆಲಸ. ನೋಡಿಕೊಳ್ಳುವವರು ಕಂಟ್ರೋಲ್ ರೂಮಿನಲ್ಲಿ ಕುಳಿತ ಕೆಲವೇ ಮಂದಿ. ಪೈಪು ದಪ್ಪ ಮಾಡಿ, ಕಂಪ್ರೆಸರ್ ದೊಡ್ಡದು ಹಾಕಿದರೆ ಮಾಲು ಎರಡರಷ್ಟು ಬರುತ್ತದೆ. ಕಂಟ್ರೋಲ್ ರೂಮಿಗೆ ಕುರ್ಚಿ ಎರಡರಷ್ಟು ಬರುವುದಿಲ್ಲ.

ಬೇಕಿದ್ದರೆ ತೆಲಂಗಾಣದ ರಾಮಗುಂಡಂ ಕಡೆ ನೋಡಬಹುದು. ಅಲ್ಲಿ 1999ರಲ್ಲಿ ಮುಚ್ಚಿದ ಸರ್ಕಾರಿ ಗೊಬ್ಬರ ಕಾರ್ಖಾನೆಯ ಜಾಗದಲ್ಲಿ ಹೊಸದು ಕಟ್ಟಿ 2021ರಲ್ಲಿ ಉತ್ಪಾದನೆ ಶುರು ಮಾಡಿದರು. ವರ್ಷಕ್ಕೆ 12.7 ಲಕ್ಷ ಟನ್ ಯೂರಿಯಾ, ಅಂದರೆ ಪಣಂಬೂರಿನ ಮೂರು ಪಟ್ಟಿಗಿಂತ ಹೆಚ್ಚು. ಕಾಯಂ ನೌಕರರು ಮಾತ್ರ ನೂರರ ಲೆಕ್ಕದಲ್ಲಿ, ಸಾವಿರದ ಲೆಕ್ಕದಲ್ಲಿ ಅಲ್ಲ. ಉಳಿದವರೆಲ್ಲ ಗುತ್ತಿಗೆದಾರರ ಕೈಕೆಳಗೆ. ಆ ಗುತ್ತಿಗೆ ಕೆಲಸಕ್ಕೂ ಎಂಥ ನೂಕುನುಗ್ಗಲು ಅಂದರೆ, ಕೆಲಸ ಕೊಡಿಸುತ್ತೇವೆ ಅಂತ ಮಧ್ಯವರ್ತಿಗಳು ಬಡವರಿಂದ ಲಕ್ಷಗಟ್ಟಲೆ ವಸೂಲು ಮಾಡಿದರು ಎಂಬ ರಂಪ 2022ರಲ್ಲಿ ರಾಜಕೀಯದ ತುತ್ತ ತುದಿಗೇ ಹೋಯಿತು. ಕಾರ್ಖಾನೆ ಬಂದು ಒಂದೂವರೆ ವರ್ಷ ಆಗುವುದರೊಳಗೆ ಇದು! ಕೆಲಸ ಎಷ್ಟು, ಯಾರಿಗೆ, ಯಾವ ಷರತ್ತಿಗೆ ಎಂದು ಮೊದಲೇ ಬಹಿರಂಗವಾಗಿ ಬರೆದಿಡದ ಕಡೆ ದಲ್ಲಾಳಿ ಹುಟ್ಟಿಕೊಳ್ಳುತ್ತಾನೆ.

ಇಲ್ಲಿಯದೇ ಉದಾಹರಣೆಯೂ ಉಂಟು. ಪಣಂಬೂರಿನ ಕಾರ್ಖಾನೆ ದಶಕಗಟ್ಟಲೆ ನಾಫ್ತಾದಿಂದ ಗೊಬ್ಬರ ಮಾಡುತ್ತಿತ್ತು. ನಾಫ್ತಾ ದುಬಾರಿ, ಕೇಂದ್ರದ ಸಬ್ಸಿಡಿ ಇಲ್ಲದೆ ಮೂಟೆ ಹೊರಗೆ ಬರುವಂತಿಲ್ಲ. 2014ರ ಅಕ್ಟೋಬರ್ ಒಂದರಿಂದ ಆ ಸಬ್ಸಿಡಿ ನಿಂತದ್ದೇ ತಡ, ಯೂರಿಯಾ ಘಟಕವೂ ನಿಂತಿತು. ದಿಲ್ಲಿಯ ಒಂದು ಕಡತಕ್ಕೆ ಮತ್ತೆ ಸಹಿ ಬೀಳುವವರೆಗೆ ಕೆಲವು ತಿಂಗಳು ಯಂತ್ರ ತಣ್ಣಗಿತ್ತು. ಆಮೇಲೆ ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರ್ ಉದ್ದದ ಅನಿಲದ ಪೈಪು ಬಂತು, 2021ರ ಜನವರಿಯಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ತಿರುಗಿತು. ದೊಡ್ಡ ಹೂಡಿಕೆ, ದೊಡ್ಡ ಬದಲಾವಣೆ. ಹಾಗಂತ ಅದರಿಂದ ಹಾಜರಿ ಪುಸ್ತಕಕ್ಕೆ ಹೊಸ ಹೆಸರುಗಳ ಮೆರವಣಿಗೆ ಬಂತೆಂದು ಯಾರೂ ಹೇಳುವಂತಿಲ್ಲ. ಅದರ ಉದ್ದೇಶವೇ ಅದಾಗಿರಲಿಲ್ಲ. ಇದ್ದ ಕೆಲಸ ಉಳಿಯಿತು, ಅದೇ ದೊಡ್ಡದು. ವಿಸ್ತರಣೆ ಬೇಕು ಅನ್ನುವವರು ಈ ವಾದ ಹೂಡಿದರೆ ಒಪ್ಪಬಹುದು: ಹಳೇ ಯಂತ್ರ ಇಟ್ಟುಕೊಂಡು ಕೂತರೆ ನಾಳೆ ಇರುವವರ ಕೆಲಸಕ್ಕೂ ಸಂಚಕಾರ. ಇದು ಪ್ರಾಮಾಣಿಕ ವಾದ. ಆದರೆ ವೇದಿಕೆಯ ಮೇಲೆ ಹೂಮಾಲೆ ಬಿದ್ದ ಕೂಡಲೇ ಧುರೀಣರ ಬಾಯಿಂದ ಹೊರಡುವುದು ಈ ವಾದವಲ್ಲ, "ಸಾವಿರಾರು ಉದ್ಯೋಗ" ಎಂಬ ಮಂತ್ರ.

ಆ ಸಾವಿರಾರು ಎಲ್ಲಿದೆ ಅಂತ ಹುಡುಕಿದರೆ ಸಿಗುವುದು ಕಟ್ಟುವ ಕಾಲದಲ್ಲಿ. ಪಾಯ ತೋಡಲಿಕ್ಕೆ, ಕಾಂಕ್ರೀಟ್ ಸುರಿಯಲಿಕ್ಕೆ, ಕಬ್ಬಿಣ ಎತ್ತಲಿಕ್ಕೆ, ವೆಲ್ಡಿಂಗ್ ಮಾಡಲಿಕ್ಕೆ ಎರಡು ಮೂರು ವರ್ಷ ನಿಜವಾಗಿಯೂ ಸಾವಿರಾರು ಜನ ಬೇಕು. ಯಾರು ಬರುತ್ತಾರೆ? ಟೆಂಡರ್ ಹಿಡಿದ ದೊಡ್ಡ ಕಂಪನಿ ತನ್ನ ತಂಡವನ್ನು ಒಡಿಶಾ, ಜಾರ್ಖಂಡ್, ಬಿಹಾರದಿಂದ ಕರೆತರುತ್ತದೆ. ಆ ಹುಡುಗರ ಮೇಲೆ ಸಿಟ್ಟು ಮಾಡುವುದರಲ್ಲಿ ಅರ್ಥವಿಲ್ಲ. ತಗಡಿನ ಶೆಡ್ಡಿನಲ್ಲಿ ಹತ್ತು ಜನ ಮಲಗಿ, ಊರಿಗೆ ದುಡ್ಡು ಕಳಿಸುವವರು ಅವರು. ಈ ಜಿಲ್ಲೆಯವರು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದು, ಗಲ್ಫಿನ ಬಿಸಿಲಲ್ಲಿ ಬೆಂದು ಮಾಡಿದ್ದೂ ಅದನ್ನೇ. ಸಿಟ್ಟು ಬರಬೇಕಾದ್ದು ಲೆಕ್ಕದ ಮೇಲೆ. ಎರಡು ವರ್ಷ ಕಬ್ಬಿಣ ಎತ್ತಿದವನನ್ನೂ, ಮೂವತ್ತು ವರ್ಷ ಕಂಟ್ರೋಲ್ ರೂಮಿನಲ್ಲಿ ಕೂರುವವನನ್ನೂ ಒಂದೇ ಬುಟ್ಟಿಗೆ ಹಾಕಿ "ಉದ್ಯೋಗ" ಅಂತ ಕೂಡಿಸಿ ಹೇಳುವುದು ಮೋಸದ ಗಣಿತ.

ಕಟ್ಟಿ ಮುಗಿದ ಮೇಲೆ ಉಳಿಯುವ ಕೆಲಸದ ದೊಡ್ಡ ಪಾಲು ಗುತ್ತಿಗೆಯದು. ಮೂಟೆ ತುಂಬುವುದು, ಹೊಲಿಯುವುದು, ಲಾರಿಗೆ ಏರಿಸುವುದು, ರೈಲಿನ ವ್ಯಾಗನ್ನಿಗೆ ಹೇರುವುದು, ಗುಡಿಸುವುದು, ಕಾವಲು, ಕ್ಯಾಂಟೀನು, ವರ್ಷಕ್ಕೊಮ್ಮೆ ಷಟ್‌ಡೌನ್ ಬಂದಾಗ ಟ್ಯಾಂಕಿನೊಳಗೆ ಇಳಿದು ಕೊಳೆ ತೆಗೆಯುವುದು. ಬೆನ್ನಿನ ಮೇಲೆ 45 ಕಿಲೋ ಹೊತ್ತು ಓಡಾಡುವವನೇ ಗೊಬ್ಬರವನ್ನು ಕಣ್ಣಾರೆ ಕಾಣುವ ಕೆಲಸಗಾರ, ಮೂಗಿನೊಳಗೂ ಅದೇ ಧೂಳು. ಕಾರ್ಖಾನೆಯ ಪಟ್ಟಿಯಲ್ಲಿ ಮಾತ್ರ ಅವನ ಹೆಸರಿಲ್ಲ. ಗುತ್ತಿಗೆದಾರ ಬದಲಾದಾಗೆಲ್ಲ ಅವನ ಸರ್ವಿಸು ಸೊನ್ನೆಯಿಂದ ಶುರು.

ಕಾನೂನು ಏನು ಹೇಳುತ್ತದೆ ಅಂತ ಕೇಳಬಹುದು. ಗುತ್ತಿಗೆ ಕಾರ್ಮಿಕರಿಗಾಗಿ 1970ರಲ್ಲೇ ಕಾಯ್ದೆ ಬಂತು. ಸದಾಕಾಲ ನಡೆಯುವ ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ನಿಷೇಧಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಹಾಗೆ ನಿಷೇಧಿಸಿದರೆ ಆ ಕೆಲಸಗಾರರು ತಾವಾಗಿಯೇ ಕಂಪನಿಯ ನೌಕರರಾಗುತ್ತಾರೆ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಕಾರ್ಮಿಕರು ಪಟಾಕಿ ಹೊಡೆಯುವುದೊಂದು ಬಾಕಿ. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ, ಹಾಗೇನೂ ಆಗುವುದಿಲ್ಲ, ತಾನಾಗಿ ಯಾರೂ ಕಾಯಂ ಅಲ್ಲ ಅಂದುಬಿಟ್ಟಿತು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರಿನಲ್ಲಿ ಜಾರಿಗೆ ಬಂದವು. ಅದರಲ್ಲಿ, ಕಾರ್ಖಾನೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕೂಡದು ಅಂತ ಬರೆದಿದೆ. ಓದಿ ಖುಷಿಪಡುವಷ್ಟರಲ್ಲಿ ಕೆಳಗಿನ ಸಾಲು ಕಣ್ಣಿಗೆ ಬೀಳುತ್ತದೆ. ಹೇರುವುದು ಇಳಿಸುವುದು, ಕಾವಲು, ಸ್ವಚ್ಛತೆ, ಕ್ಯಾಂಟೀನು ಇವು ಸಾಮಾನ್ಯವಾಗಿ ಮುಖ್ಯ ಕೆಲಸವೇ ಅಲ್ಲವಂತೆ. ಅಂದರೆ ಕಾಟಿಪಳ್ಳದ ಹುಡುಗನಿಗೆ ಸಿಗುವ ಸಾಧ್ಯತೆ ಇರುವ ಕೆಲಸ ಯಾವುದೋ, ಅದನ್ನೇ ಹೆಕ್ಕಿ ಹೊರಗಿಟ್ಟ ಹಾಗಾಯಿತು.

ಸ್ಥಳೀಯರಿಗೆ ಮೀಸಲು ಎಂಬ ಇನ್ನೊಂದು ಭರವಸೆಯ ಕಥೆಯೂ ಇಷ್ಟೇ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತು. ಆ ವರದಿ ಕೈಯಲ್ಲಿ ಹಿಡಿದು ಭಾಷಣ ಮಾಡದ ಪಕ್ಷ ಕರ್ನಾಟಕದಲ್ಲಿಲ್ಲ. 2024ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು: ಆಡಳಿತ ವರ್ಗದಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ. ಬೆಂಗಳೂರಿನ ದೊಡ್ಡ ಕಂಪನಿಯವರು ಗುಟುರು ಹಾಕಿದ್ದೇ ಎರಡು ದಿನದಲ್ಲಿ ಮಸೂದೆ ಕಪಾಟು ಸೇರಿತು. ಇಲ್ಲೇ ಪಕ್ಕದ ಎಂ.ಆರ್.ಪಿ.ಎಲ್.ನ 2021ರ ನೇಮಕಾತಿಯಲ್ಲಿ ಜಿಲ್ಲೆಯವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಹುದ್ದೆ ಅಂತ ಎದ್ದ ಕೂಗು ಜನರಿಗಿನ್ನೂ ನೆನಪಿದೆ. ಕಾರ್ಖಾನೆಯವರು ಆಗ ಹೇಳುವುದು, ಅಖಿಲ ಭಾರತ ಪರೀಕ್ಷೆ ಸ್ವಾಮಿ, ಯಾರು ಪಾಸಾದರೋ ಅವರಿಗೆ ಅಂತ. ಈ ಉತ್ತರವನ್ನು ಬರೀ ಬೈದು ಬಿಡುವುದರಿಂದ ಪ್ರಯೋಜನವಿಲ್ಲ. ಜಿಲ್ಲೆಯ ಹುಡುಗರು ಆ ಪರೀಕ್ಷೆಗೆ ತಯಾರಾಗಿದ್ದರೇ ಅಂತಲೂ ಕೇಳಬೇಕು, ಅವರನ್ನು ತಯಾರು ಮಾಡುವ ಜವಾಬ್ದಾರಿ ಯಾರದಿತ್ತು ಅಂತಲೂ ಕೇಳಬೇಕು.

ಕೆಲಸದ ಮಾತು ಬಂದಾಗ ಬದಿಗೆ ಸರಿಸುವ ಮಾತೊಂದಿದೆ, ಜೀವದ ಮಾತು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದದ್ದು ಕೀಟನಾಶಕ ತಯಾರಿಸುವ ಕಾರ್ಖಾನೆ. ಅದೂ ರೈತರ ಉದ್ಧಾರಕ್ಕೆ, ಊರವರ ಕೆಲಸಕ್ಕೆ ಅಂತಲೇ ಬಂದದ್ದು. ಪಣಂಬೂರಿನಲ್ಲಿ ಆ ವಿಷವಿಲ್ಲ, ಸುಮ್ಮನೆ ಹೆದರಿಸುವುದು ತಪ್ಪು. ಆದರೆ ಅಮೋನಿಯಾ ಉಂಟಲ್ಲ. 2020ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಫೂಲ್‌ಪುರದ ಇಫ್ಕೋ ಯೂರಿಯಾ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿ ಇಬ್ಬರು ಅಧಿಕಾರಿಗಳೇ ಸತ್ತರು. 2025ರ ಜುಲೈಯಲ್ಲಿ ಎಂ.ಆರ್.ಪಿ.ಎಲ್.ನಲ್ಲಿ ವಿಷಾನಿಲಕ್ಕೆ ಇಬ್ಬರು ನೌಕರರು ಬಲಿಯಾದರು. ಭೋಪಾಲದ ನಂತರ, 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯ ಕಂಡ ಕೆಲಸಗಾರನಿಗೆ ಅದನ್ನು ಎತ್ತಿ ಹೇಳುವ ಹಕ್ಕು ಕೊಟ್ಟರು. ಕಾಯಂ ನೌಕರ ಹೇಳಿಯಾನು. ವಾರದ ಗೇಟ್ ಪಾಸಿನ ಮೇಲೆ ಒಳಗೆ ಬಂದ ಗುತ್ತಿಗೆ ಕೂಲಿ "ಇಲ್ಲಿ ವಾಸನೆ ಬರ್ತಾ ಉಂಟು, ನಾನು ಇಳಿಯುವುದಿಲ್ಲ" ಅಂದರೆ ಮುಂದಿನ ವಾರ ಅವನ ಪಾಸು ಇರುತ್ತದೆಯೇ? ಕಾರ್ಖಾನೆ ದೊಡ್ಡದಾದ ಹಾಗೆ ಅಪಾಯದ ಹತ್ತಿರ ನಿಲ್ಲುವವರು ಹೆಚ್ಚುತ್ತಾರೆ, ಹೇಳಬಲ್ಲವರು ಕಡಿಮೆಯಾಗುತ್ತಾರೆ.

ಇಷ್ಟೆಲ್ಲ ಹೇಳಿದ್ದು ವಿಸ್ತರಣೆ ಬೇಡ ಅನ್ನಲಿಕ್ಕಲ್ಲ. ಕೆಲವು ಪರಿಸರವಾದಿಗಳಿಗೆ ಬೇಡ ಅನ್ನುವುದು ಸುಲಭ, ಅವರ ಮಕ್ಕಳು ಬೈಕಂಪಾಡಿಯಲ್ಲಿ ಕೆಲಸ ಹುಡುಕುವುದಿಲ್ಲ. ಕೆಲಸ ಬೇಕು. ಹೇಗೆ ಕೇಳಬೇಕು ಅನ್ನುವುದು ಪ್ರಶ್ನೆ. ಕೇಳುವ ಬಾಗಿಲೂ ದೂರ ಸರಿದಿದೆ. ಒಂದು ಕಾಲಕ್ಕೆ ಯು.ಬಿ. ಗುಂಪಿನ ಕೈಯಲ್ಲಿದ್ದ ಕಾರ್ಖಾನೆ 2015ರ ಹೊತ್ತಿಗೆ ಜುವಾರಿಯವರದಾಯಿತು, ಆಮೇಲೆ ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಜೊತೆ ವಿಲೀನಕ್ಕೆ 2024ರಲ್ಲಿ ಒಪ್ಪಿಗೆಯಾಗಿ 2025ರಲ್ಲಿ ಅದೂ ಮುಗಿಯಿತು. ಹೆಸರಿನಲ್ಲಿದ್ದ ಮಂಗಳೂರೂ ಹೋಯಿತು. ಗೇಟಿನಲ್ಲಿ ಧರಣಿ ಕೂತರೆ ಒಳಗಿನ ಮ್ಯಾನೇಜರರು, ನಮ್ಮ ಕೈಯಲ್ಲಿ ಏನೂ ಇಲ್ಲ, ಮೇಲೆ ಕೇಳಬೇಕು ಅನ್ನುತ್ತಾರೆ. ಅವರು ಹೇಳುವುದು ನಿಜವೇ ಇರಬಹುದು.

ಕೈಯಲ್ಲಿ ಇರುವ ಹತಾರ ಒಂದುಂಟು. ಗೊಬ್ಬರದ ಕಾರ್ಖಾನೆ ವಿಸ್ತರಿಸಬೇಕಾದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಅದಕ್ಕಾಗಿ ಕಂಪನಿ ತಯಾರಿಸುವ ವರದಿಯಲ್ಲಿ ಕಟ್ಟುವಾಗ ಎಷ್ಟು ಜನ, ನಡೆಸುವಾಗ ಎಷ್ಟು ಜನ ಅಂತ ಸಂಖ್ಯೆಯೂ ಇರುತ್ತದೆ. ವೇದಿಕೆಯ ಸಂಖ್ಯೆಗೂ ಆ ಸಂಖ್ಯೆಗೂ ಅಜಗಜಾಂತರ. ಮೂವತ್ತು ದಿನ ಮುಂಚಿತ ನೋಟೀಸು ಕೊಟ್ಟು ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ವಿಚಾರಣೆ ನಡೆಸಬೇಕು. ಅಲ್ಲಿ ಆಡಿದ ಮಾತು ಚಿತ್ರೀಕರಣ ಆಗುತ್ತದೆ, ನಡವಳಿಯಲ್ಲಿ ದಾಖಲಾಗುತ್ತದೆ, ಕಂಪನಿ ಉತ್ತರ ಬರೆಯಲೇಬೇಕು. ಕೈಗಾರಿಕಾ ಪ್ರದೇಶದ ಒಳಗೇ ಇದೆ, ವಿಚಾರಣೆ ಬೇಕಿಲ್ಲ ಅಂತ ವಿನಾಯಿತಿ ಕೇಳುವ ಒಳದಾರಿಯೂ ಉಂಟು. ಜಿಲ್ಲೆಯ ಶಾಸಕರು, ಸಂಸದರು ಮೊದಲು ಆ ದಾರಿಗೆ ಅಡ್ಡ ನಿಲ್ಲಲಿ, ಆಮೇಲೆ ಅಭಿನಂದನಾ ಸಭೆ ಮಾಡಿಸಿಕೊಳ್ಳಲಿ.

ಇಂಥ ವಿಚಾರಣೆಗಳಲ್ಲಿ ಈವರೆಗೆ ಆಗುತ್ತಿರುವುದು ಏನು? ಒಂದು ಕಡೆಯವರು ಜೈ ಅನ್ನುತ್ತಾರೆ, ಇನ್ನೊಂದು ಕಡೆಯವರು ಧಿಕ್ಕಾರ ಅನ್ನುತ್ತಾರೆ. ಮೈಕು ಕಿತ್ತುಕೊಳ್ಳುವುದರಲ್ಲಿ ಹೊತ್ತು ಹೋಗುತ್ತದೆ. ಒಬ್ಬನಾದರೂ ಎದ್ದು ನಿಂತು ತಣ್ಣಗೆ ಕೇಳಿದರೆ ಸಾಕು. ಕಾಯಂ ಹುದ್ದೆ ಎಷ್ಟು? ಗುತ್ತಿಗೆ ಎಷ್ಟು, ಗುತ್ತಿಗೆದಾರ ಬದಲಾದರೆ ಹಳೇ ಕೆಲಸಗಾರ ಉಳಿಯುತ್ತಾನೋ ಇಲ್ಲವೋ? ಮೂಟೆ ತುಂಬುವ, ಹೇರುವ ಕೆಲಸಕ್ಕೆ ಯಂತ್ರ ಹಾಕುತ್ತೀರೋ? ಹಾಕಿದರೆ ಈಗ ಹೊರುತ್ತಿರುವವರ ಗತಿ? ಹಿಂದೆ ಜಾಗ ಬಿಟ್ಟ ಮನೆಗಳ ಮೂರನೇ ತಲೆಮಾರಿಗೆ ತರಬೇತಿಯಲ್ಲಿ ಎಷ್ಟು ಸೀಟು? ಉತ್ತರ ನಡವಳಿಯಲ್ಲಿ ಬಿದ್ದರೆ ಹತ್ತು ವರ್ಷದ ಮೇಲೂ ತೆಗೆದು ತೋರಿಸಬಹುದು. ಪೆಂಡಾಲಿನ ಭಾಷಣವನ್ನು ತೋರಿಸಲಾಗುವುದಿಲ್ಲ, ಅದು ಗಾಳಿಗೆ ಹೋಗಿರುತ್ತದೆ.

ತರಬೇತಿ ಅಂದರೆ ಎರಡು ವಾರದ ಕ್ಯಾಂಪು ಮಾಡಿ ಸರ್ಟಿಫಿಕೇಟ್ ಹಂಚುವುದಲ್ಲ. ಐ.ಟಿ.ಐ.ಗಳಲ್ಲಿ ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್ ಅಂತ ಒಂದು ಟ್ರೇಡೇ ಉಂಟು, ಎರಡು ವರ್ಷದ್ದು. ಕಂಟ್ರೋಲ್ ರೂಮಿನ ಹೊರಗೆ, ಘಟಕದೊಳಗೆ ಓಡಾಡಿ ವಾಲ್ವು, ಪಂಪು, ಮೀಟರು ನೋಡಿಕೊಳ್ಳುವ ಕೆಲಸಕ್ಕೆ ಬೇಕಾದ ಹುಡುಗರು ತಯಾರಾಗುವುದು ಅಲ್ಲಿ. ಕಾರ್ಖಾನೆಯ ಉತ್ತರಕ್ಕೆ ಸ್ವಲ್ಪವೇ ದೂರ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕಲಿಸುತ್ತಾರೆ. ದೇಶದ ಎಲ್ಲೆಡೆಯಿಂದ ಮಕ್ಕಳು ಅಲ್ಲಿಗೆ ಬರುತ್ತಾರೆ, ಕಲಿತು ದೇಶದ ಎಲ್ಲೆಡೆಗೆ ಹೋಗುತ್ತಾರೆ. ಕೃಷ್ಣಾಪುರದ ಹುಡುಗ ಅದರ ಕಂಪೌಂಡ್ ಗೋಡೆ ನೋಡಿಕೊಂಡು ಬಸ್ಸಿನಲ್ಲಿ ಹಾದು ಹೋಗುತ್ತಾನೆ. ಆ ಹುಡುಗನಿಗೂ ಆ ಕಂಟ್ರೋಲ್ ರೂಮಿಗೂ ನಡುವೆ ಬೇಕಾದದ್ದು ಐ.ಟಿ.ಐ., ಡಿಪ್ಲೊಮಾ, ಕಾರ್ಖಾನೆಯೊಳಗೇ ಸ್ಟೈಪೆಂಡು ಕೊಟ್ಟು ಒಂದು ವರ್ಷದ ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಇರುವುದೇ ಇದಕ್ಕೆ. ಕಂಪನಿ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, ಆದರೆ ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ವಿಚಾರಣೆಯಲ್ಲಿ ಹಿಡಿದು ಕೇಳಬೇಕಾದ ಗಂಟು ಅದು.

ಹೊಸ ಘಟಕಕ್ಕೆ ಇವತ್ತು ಒಪ್ಪಿಗೆ ಸಿಕ್ಕಿದರೂ ಕಟ್ಟಿ ನಡೆಸಲಿಕ್ಕೆ ಮೂರು ವರ್ಷವಾದರೂ ಬೇಕು. ಐ.ಟಿ.ಐ. ಎರಡು, ಅಪ್ರೆಂಟಿಸ್ ಒಂದು, ಸೇರಿ ಮೂರು. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಲೆಕ್ಕ ಸರಿಯಾಗಿ ಕೂಡಿ ಬರುತ್ತದೆ. ಕಾರ್ಖಾನೆ ಎದ್ದ ಮೇಲೆ ಟ್ರೇಡು ಶುರು ಮಾಡಿದರೆ, ಅವನು ಸರ್ಟಿಫಿಕೇಟ್ ಹಿಡಿದು ಗೇಟಿಗೆ ಬರುವ ಹೊತ್ತಿಗೆ ಒಳಗಿನ ಕುರ್ಚಿಗಳೆಲ್ಲ ಭರ್ತಿಯಾಗಿರುತ್ತವೆ, ಮೂಟೆ ಹೊರುವ ಗುತ್ತಿಗೆದಾರನ ಮೇಸ್ತ್ರಿ ಮಾತ್ರ ಚೀಟಿ ಹಿಡಿದು ಹೊರಗೆ ನಿಂತಿರುತ್ತಾನೆ.